ಹಿರಿಯರ ಪುಸ್ತಕದ ಕೊನೇ ಹಾಳೆ

ನಮ್ಮ ಮನೆಯಲ್ಲಿ ಅಡುಗೆ ಬರೆದಿಟ್ಟ ಪುಸ್ತಕ ಅಂತ ಇದ್ದದ್ದು ಒಂದೇ, ಅದರಲ್ಲಿ ಇದ್ದವರೆಲ್ಲ ಸತ್ತವರು. ಹೀಗೆ ಹೇಳಿದರೆ ನನ್ನ ಮಗಳು ‘ಅಮ್ಮಾ, ಬೆಳಿಗ್ಗೆ ಬೆಳಿಗ್ಗೆನೇ ಶುರು ಮಾಡ್ಬೇಡ’ ಅಂತಾಳೆ. ಇದ್ದದ್ದು ಹಾಗೇ ತಾಯಿ, ನಾನೇನು ಮಾಡಲಿ. ನಾನು ಚಿಕ್ಕವಳಿದ್ದಾಗ ಚಂದ್ರಾ ಲೇಔಟ್ ಇನ್ನೂ ಹೊಸದು. ಸೈಟುಗಳಿಗೆ ಕಲ್ಲು ನೆಟ್ಟು, ನೇರ ರಸ್ತೆ ಎಳೆದು, ಒಂದೊಂದಾಗಿ ತಾರಸಿ ಮನೆ ಏಳುತ್ತಿದ್ದವು. ಅದರ ಬೆನ್ನಿಗೆ ಅಂಟಿಕೊಂಡಿದ್ದ ನಮ್ಮ ಬೀದಿ ಮಾತ್ರ ಹಳೇ ಊರಿನದು. ಸೊಟ್ಟ ಓಣಿ, ಹೆಂಚಿನ ಮನೆಗಳು. ನಮ್ಮದು ಅಂದರೆ ಒಂದು ನಡುಮನೆ, ಒಂದು ಅಡುಗೆಮನೆ, ಹಿಂದುಗಡೆ ಹಂಡೆ ಒಲೆ ಇದ್ದ ಬಚ್ಚಲು, ಅಷ್ಟೇ. ಅಷ್ಟು ಸಣ್ಣ ಮನೆಯಲ್ಲಿ ವರ್ಷಕ್ಕೊಂದು ದಿನ, ಮಹಾಲಯ ಅಮಾವಾಸ್ಯೆಗೆ, ಜಾಗವೇ ಸಾಲುತ್ತಿರಲಿಲ್ಲ. ಅವತ್ತು ಹಿರಿಯರ ಹಬ್ಬ. ನಡುಮನೆ ಗೋಡೆಗೆ ಒರಗಿಸಿ ಫೋಟೋ ಇಟ್ಟು, ಒಬ್ಬೊಬ್ಬರ ಮುಂದೆ ಒಂದೊಂದು ಬಾಳೆಲೆ ಹಾಕಿ, ಬದುಕಿದ್ದಾಗ ಅವರು ಏನನ್ನು ಆಸೆಪಟ್ಟು ತಿನ್ನುತ್ತಿದ್ದರೋ ಅದನ್ನೇ ಮಾಡಿ ಎಡೆ ಇಡಬೇಕು. ಧೂಪ ಹಾಕಿ, ಕೈಮುಗಿದು, ಬಾಗಿಲು ಎಳೆದುಕೊಂಡು ಎಲ್ಲರೂ ಆಚೆ ಬಂದು ನಿಲ್ಲಬೇಕು, ಒಳಗೆ ಹಿರಿಯರು ನೆಮ್ಮದಿಯಾಗಿ ಉಣ್ಣಲಿ ಅಂತ.

ಅಜ್ಜಿ, ಅಂದರೆ ಅಪ್ಪನ ಅಮ್ಮ, ಬೇರೆ ದಿನ ಒಲೆ ಮುಂದೆ ಕೂತು ಊರವರನ್ನೆಲ್ಲ ಆಡಿಕೊಂಡು ನಗುವವಳು. ಆ ವಾರ ಮಾತ್ರ ಪರೀಕ್ಷೆಗೆ ಹೊರಟವಳ ಹಾಗೆ ಇರುತ್ತಿದ್ದಳು. ತಾತನಿಗೆ ಹಿತಕಿದ ಬೇಳೆ ಸಾರು ಆಗಬೇಕು. ಹಬ್ಬದ ಕಾಲಕ್ಕೆ ಅವರೆಕಾಯಿ ಎಲ್ಲಿಂದ ತರೋದು? ಅದಕ್ಕೇ ಸಂಕ್ರಾಂತಿ ಹೊತ್ತಿಗೇ ಒಂದು ಸೇರು ಕಾಳು ನೆನೆಹಾಕಿ, ಹಿತಕಿ, ಬಿಸಿಲಿಗೆ ಒಣಗಿಸಿ, ಹುಳ ಬೀಳದ ಹಾಗೆ ನಡುವೆ ಒಣಮೆಣಸಿನಕಾಯಿ ಹಾಕಿ ತಗಡಿನ ಡಬ್ಬದಲ್ಲಿ ಎತ್ತಿಡುತ್ತಿದ್ದಳು. ಅಮಾವಾಸ್ಯೆ ತನಕ ಆ ಡಬ್ಬಕ್ಕೆ ಯಾರೂ ಕೈ ಹಾಕುವ ಹಾಗಿಲ್ಲ. ಚಿಕ್ಕಪ್ಪ ಮದುವೆಗೆ ಮುಂಚೆಯೇ ಲಾರಿಗೆ ಸಿಕ್ಕಿ ಹೋಗಿದ್ದ. ಅವನ ಎಲೆಗೆ ಕೋಳಿ ಲಿವರ್ ಹುರಿದದ್ದು, ಪಕ್ಕದಲ್ಲಿ ಒಂದು ಗೋಲಿ ಸೋಡಾ. ಎಲ್ಲ ಅಜ್ಜಿಯ ತಲೆಯಲ್ಲೇ ಇತ್ತು. ಒಂದು ವರ್ಷ ಎಡೆ ಎಲ್ಲ ಮುಗಿದು ಊಟಕ್ಕೆ ಕೂತ ಮೇಲೆ ಅಜ್ಜಿ ಕೈಯಲ್ಲಿದ್ದ ತುತ್ತು ಎಲೆ ಮೇಲೇ ಬಿಟ್ಟು ಹಣೆ ಚಚ್ಚಿಕೊಂಡಳು. ಚಿಕ್ಕಪ್ಪನಿಗೆ ಲಿವರ್ ಮಾಡೋದನ್ನೇ ಮರೆತಿದ್ದಳು. ‘ಹಸ್ಕೊಂಡು ಹೋಯ್ತಲ್ಲೋ ನನ್ ಮಗ’ ಅಂತ ಅವಳು ಅತ್ತದ್ದು ಕೇಳಿ ನನಗೆ ಊಟ ಸೇರಲಿಲ್ಲ. ನಾನು ಹುಟ್ಟು ಪುಕ್ಕಲಿ. ಆ ಸಂಜೆಯೆಲ್ಲ ಹಸಿದ ಚಿಕ್ಕಪ್ಪ ನಮ್ಮ ಓಣಿಯಲ್ಲೇ ಎಲ್ಲೋ ನಿಂತಿದ್ದಾನೆ ಅನ್ನಿಸಿ ಆಚೆ ಕಾಲಿಡಲಿಲ್ಲ.

ಅದಾದ ಮೇಲೆ ಅಮ್ಮ ನನ್ನ ಹಳೇ ನೋಟ್ ಪುಸ್ತಕಗಳಲ್ಲಿ ಉಳಿದಿದ್ದ ಖಾಲಿ ಹಾಳೆ ಕಿತ್ತು, ದಬ್ಬಳದಲ್ಲಿ ಹೊಲಿದು ಒಂದು ಪುಸ್ತಕ ಮಾಡಿದಳು. ಅಜ್ಜಿ ಹೇಳಬೇಕು, ನಾನು ಬರೆಯಬೇಕು. ನನಗೋ ಕೊಂಬು ಬಂದಂತಾಯಿತು. ಕ್ಲಾಸಿನಲ್ಲಿ ನನ್ನ ಅಕ್ಷರಕ್ಕೆ ಮೇಷ್ಟ್ರು ಗುಡ್ ಹಾಕುತ್ತಿದ್ದರು. ಸ್ಕೇಲು, ಕೆಂಪು ಪೆನ್ನು ಎಲ್ಲ ಇಟ್ಟುಕೊಂಡು ಕೂತೆ. ಮೊದಲು ಸಾರುಗಳು, ಆಮೇಲೆ ಪಲ್ಯ, ಕೊನೆಗೆ ಸಿಹಿ ಅಂತ ವಿಭಾಗ ಮಾಡಿ ತೋರಿಸಿದೆ. ಅಜ್ಜಿ ಮುಖ ಗಂಟು ಹಾಕಿದಳು.

“ಸಾರು ಸಾರು ಅಂತ ಒಂದೇ ಕಡೆ ತುಂಬ್ಕೊಂಡ್ರೆ ಯಾರ ಎಲೆಗೆ ಬಡಿಸ್ತೀಯೇ ಮಂಜಿ? ಮನುಷ್ಯರನ್ನ ಮೊದ್ಲು ಬರಿ. ಸಾರು ಆಮೇಲೆ.”

“ಸರಿ, ಬೇಳೆ ಎಷ್ಟು ಹಾಕ್ಬೇಕು ಹೇಳು.”

“ಎರಡು ಹಿಡಿ.”

“ಯಾರ ಹಿಡಿ? ನಿಂದಾ ನಂದಾ?”

“ಇವಳ ಜೊತೆ ಏಗೋಕಾಗಲ್ಲ ಕಣೇ ಜಯಾ” ಅಂತ ಅಜ್ಜಿ ಅಮ್ಮನಿಗೆ ಕೂಗಿದಳು. ಕೊನೆಗೆ ಅಜ್ಜಿಯ ಒಂದು ಹಿಡಿ ಬೇಳೆಯನ್ನು ನನ್ನ ಹಿಡಿಯಲ್ಲಿ ಅಳೆದು, ಒಂದೂಮುಕ್ಕಾಲು ಅಂತ ಬರೆದುಕೊಂಡೆ. ಹೀಗೆ ತಾತನಿಗೊಂದು ಹಾಳೆ, ಚಿಕ್ಕಪ್ಪನಿಗೊಂದು, ತಾತನ ಅಮ್ಮನಿಗೊಂದು. ಹಾಳೆಯ ಎರಡೂ ಮಗ್ಗಲು ತುಂಬಿ ಬರೆದೆ. ಕೊನೇ ಹಾಳೆ ಮಾತ್ರ ಉಳಿದಿತ್ತು. ಮುಗೀತು ಅಂತ ಪುಸ್ತಕ ಮುಚ್ಚುವಾಗ, ಅಷ್ಟು ಹೊತ್ತೂ ಬಾಗಿಲ ಹತ್ತಿರ ಸೊಪ್ಪು ಬಿಡಿಸುತ್ತ ಕೂತಿದ್ದ ಅಮ್ಮ ತಲೆ ಎತ್ತದೆ ‘ಇನ್ನೊಂದಿದೆ, ಬರ್ಕೋ’ ಅಂದಳು. ಹೆಸರು ಏನು ಅಂದೆ. ‘ಲೋಕೇಶ’ ಅಂದಳು.

ನನಗಿಂತ ಮುಂಚೆ ಒಬ್ಬ ಅಣ್ಣ ಹುಟ್ಟಿ ಒಂದೂವರೆ ವರ್ಷಕ್ಕೆ ಹೋಗಿಬಿಟ್ಟ ಅಂತ ಗೊತ್ತಿತ್ತು. ಮನೆಯಲ್ಲಿ ಎಲ್ಲರೂ ‘ಪಾಪು’ ಅನ್ನುತ್ತಿದ್ದರು, ಅದೂ ಅಪರೂಪಕ್ಕೆ. ಅವನಿಗೊಂದು ಹೆಸರಿತ್ತು ಅಂತ ಗೊತ್ತಾದದ್ದು ಅವತ್ತೇ. ಅಮ್ಮ ಒಂದೇ ಉಸಿರಿಗೆ ಹೇಳಿದಳು: ರಾಗಿ ಸರಿ, ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ಹಳೇ ಪಂಚೇಲಿ ಜರಡಿ ಹಿಡಿದು, ನೀರಲ್ಲಿ ಕದಡಿ ಕಾಯಿಸೋದು, ಬೆಲ್ಲ ಒಂಚೂರು. ಹೇಳಿ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಪಾಪುವಿನ ಫೋಟೋ ತೆಗೆಸಿರಲೇ ಇಲ್ಲ. ಮುಂದಿನ ವರ್ಷದ ಹಬ್ಬದಲ್ಲಿ ಅಮ್ಮ ತಾನಾಗಿ ಒಂದು ಕೆಲಸ ಮಾಡಿದಳು. ಎಲ್ಲರ ಫೋಟೋ ಸಾಲಿನ ಕೊನೆಗೆ ಅಂಗೈಯಗಲದ ಎಲೆ ಹಾಕಿ, ಅದರ ಹಿಂದೆ ಫೋಟೋ ಇರಬೇಕಾದ ಜಾಗದಲ್ಲಿ ಪುಸ್ತಕವನ್ನು ಲೋಕೇಶನ ಪುಟಕ್ಕೆ ತೆರೆದು ಗೋಡೆಗೆ ಒರಗಿಸಿದಳು. ಅದಕ್ಕೂ ಅರಿಶಿನ ಕುಂಕುಮ ಇಟ್ಟಳು. ನನ್ನ ಅಕ್ಷರಕ್ಕೆ ಎಲ್ಲರೂ ಕೈಮುಗಿದರು. ಹಬ್ಬ ಮುಗಿದ ಮೇಲೆ ಪುಸ್ತಕವನ್ನು ಅದೇ ತಗಡಿನ ಡಬ್ಬದೊಳಗೆ ಇಟ್ಟು ನನಗೊಂದು ಮಾತು ಹೇಳಿದಳು.

“ನೋಡು, ಬದುಕಿರೋರ ಹೆಸರು ಇದ್ರಲ್ಲಿ ಯಾವತ್ತೂ ಬರೀಬಾರ್ದು. ಗೊತ್ತಾಯ್ತಾ?”

ಗೊತ್ತಾಗಿತ್ತು. ಗೊತ್ತಿದ್ದೂ ಬರೆದೆ, ಸುಳ್ಳು ಯಾಕೆ ಹೇಳಲಿ. ಅದರ ಮುಂದಿನ ಬೇಸಿಗೆಯಲ್ಲಿ ಅಜ್ಜಿಯ ಮರೆವು ಜಾಸ್ತಿಯಾಯಿತು. ಬೀದಿಗೇ ಹೆಸರಾಗಿದ್ದದ್ದು ಅವಳ ಉಪ್ಸಾರು. ಸೊಪ್ಪು ಬೇಳೆ ಬೇಯಿಸಿ, ಆ ಕಟ್ಟು ಬಸಿದು, ಪಕ್ಕದಲ್ಲಿ ಮೆಣಸು ಬೆಳ್ಳುಳ್ಳಿ ಹುಣಸೆಹಣ್ಣಿನ ಖಾರ ರುಬ್ಬಿ, ಬಿಸಿ ಮುದ್ದೆ ಜೊತೆ ಕೊಟ್ಟರೆ ಅಪ್ಪ ಮಾತಿಲ್ಲದೆ ಎರಡು ಮುದ್ದೆ ಇಳಿಸುತ್ತಿದ್ದ. ಅಂಥ ಅಜ್ಜಿ ಒಂದೇ ವಾರದಲ್ಲಿ ಎರಡು ಸಲ ಖಾರಕ್ಕೆ ಬೆಳ್ಳುಳ್ಳಿ ಹಾಕೋದು ಮರೆತಳು. ಅಪ್ಪ ಅಮ್ಮ ಹಾಗೇ ಉಂಡು ಎದ್ದರು, ನನಗೆ ಮಾತ್ರ ದಿಗಿಲು ಹತ್ತಿತು. ಇವಳು ಪೂರ್ತಿ ಮರೆತರೆ ಏನು ಗತಿ? ಯಾರನ್ನು ಕೇಳೋದು? ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಡಬ್ಬ ತೆಗೆದೆ. ಪುಸ್ತಕದಲ್ಲಿ ಖಾಲಿ ಇದ್ದದ್ದು ಒಂದೇ ಮಗ್ಗಲು, ಲೋಕೇಶನ ಪುಟದ ಬೆನ್ನು. ಅದರಲ್ಲಿ ಕೆಂಪು ಪೆನ್ನಿನಲ್ಲಿ ‘ಅಜ್ಜಿ’ ಅಂತ ಬರೆದು, ಕೆಳಗೆ ಗೆರೆ ಎಳೆದು, ಉಪ್ಸಾರು ಮಾಡುವ ವಿಧಾನ ನನಗೆ ಗೊತ್ತಿದ್ದಷ್ಟು ತುಂಬಿದೆ. ಬರೆದು ಮುಗಿಸಿದಾಗ ಎಷ್ಟು ಸಮಾಧಾನ ಆಯಿತು ಅಂದರೆ, ಅಜ್ಜಿಯನ್ನೇ ಭದ್ರವಾಗಿ ಡಬ್ಬದಲ್ಲಿ ಎತ್ತಿಟ್ಟೆ ಅನ್ನಿಸಿತು.

ಹಬ್ಬಕ್ಕೆ ಮೂರು ವಾರ ಇರುವಾಗ ಅಜ್ಜಿಯ ಕಣ್ಣು ಹಳದಿಯಾಯಿತು. ಕಾಮಾಲೆ ಅಂದರು. ಡಾಕ್ಟರು ಮಾತ್ರೆ ಕೊಟ್ಟರು, ಅಪ್ಪ ಎಲ್ಲಿಂದಲೋ ಸೊಪ್ಪಿನ ಔಷಧಿ ತಂದ. ಎಣ್ಣೆ ಇಲ್ಲ, ಖಾರ ಇಲ್ಲ, ನೀರು ಮಜ್ಜಿಗೆ ಅನ್ನ ಅಷ್ಟೇ. ಅದೂ ನಿಲ್ಲುತ್ತಿರಲಿಲ್ಲ. ನಡುಮನೆಯಲ್ಲಿ, ವರ್ಷವರ್ಷ ಎಡೆ ಇಡುವ ಗೋಡೆಯ ಪಕ್ಕಕ್ಕೇ ಅವಳ ಮಂಚ ಹಾಕಿದರು. ನೆಂಟರು ಮೂಸಂಬಿ ಹಿಡಿದುಕೊಂಡು ಬರತೊಡಗಿದರು. ನಾಲ್ಕು ಮನೆ ಆಚೆಯ ಒಬ್ಬ ಆಂಟಿ ನೋಡಿಕೊಂಡು ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಇನ್ನೊಬ್ಬರಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

“ಈ ಸಲ ಈ ಮನೇಲಿ ಎಲೆ ಒಂದು ಜಾಸ್ತಿ ಆಗೋ ಹಂಗಿದೆ ಕಣ್ರೀ.”

ಅಯ್ಯೋ ದೇವರೇ! ಎಲೆ ಜಾಸ್ತಿ ಮಾಡಿದವಳು ನಾನೇ ಅಲ್ಲವಾ? ಸತ್ತವರ ಪುಸ್ತಕದಲ್ಲಿ ಹೆಸರು ಬರೆದು, ಗೆರೆ ಎಳೆದು, ಊಟವನ್ನೂ ಗೊತ್ತು ಮಾಡಿಟ್ಟಿದ್ದೆ. ಕರೆದು ಕೂರಿಸಿದ ಹಾಗೆ. ಯಾರಿಗಾದರೂ ಹೇಳೋಣ ಅಂದರೆ ಬಾಯಿ ಬರುತ್ತಿರಲಿಲ್ಲ. ಸ್ಕೂಲಿನಿಂದ ಓಡಿ ಬಂದವಳು ಮೊದಲು ಅಜ್ಜಿಯ ಎದೆ ಏರಿಳಿಯುತ್ತಿದೆಯಾ ಅಂತ ನೋಡುವುದು, ಆಮೇಲೆ ಚೀಲ ಇಳಿಸುವುದು. ಇಂಕ್ ರಬ್ಬರ್ ತಗೊಂಡು ಹೆಸರನ್ನು ಉಜ್ಜಿದೆ, ಹೋಗಲಿಲ್ಲ, ಕೆಂಪಗೆ ಹರಡಿಕೊಂಡಿತು. ಬ್ಲೇಡಿನಲ್ಲಿ ಕೆರೆದೆ. ಹಾಳೆ ತೆಳ್ಳಗಾಗಿ ತೂತು ಬಿತ್ತು, ತೂತಿನಿಂದ ಆಚೆ ಕಡೆಯ ಲೋಕೇಶನ ಒಂದು ಅಕ್ಷರವೂ ಹೋಯಿತು. ಹೆದರಿ ಹಾಗೇ ಮುಚ್ಚಿಟ್ಟೆ. ಮಾರನೇ ದಿನ ಅಜ್ಜಿ ನನ್ನ ಗುರುತು ಹಿಡಿಯದೆ ‘ಯಾರ ಮನೆ ಮಗು ಇದು’ ಅಂದಳು. ಅದರ ಮಾರನೇ ಬೆಳಿಗ್ಗೆ ಅಮ್ಮ ಹಾಲಿಗೆ ಹೋದಾಗ ಆ ಹಾಳೆಯನ್ನು ದಾರದ ಸಮೇತ ಕಿತ್ತು ಬಚ್ಚಲಿಗೆ ಓಡಿದೆ. ಹಂಡೆ ಒಲೆ ಉರಿಯುತ್ತಿತ್ತು. ಹಾಳೆಯ ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ಪಾಪು. ಗೊತ್ತಿಲ್ಲದೆ ಮಾಡಿದೆ ಅಂತ ಈಗ ಹೇಳಲಾರೆ. ಒಲೆ ಮುಂದೆ ಕೂತು ಯೋಚನೆ ಮಾಡಿದೆ. ಸತ್ತವನು ಇನ್ನೊಂದು ಸಲ ಸಾಯಲ್ಲ, ಬದುಕಿರುವವಳು ಸಾಯಬಹುದು ಅಂತ ನನಗೆ ನಾನೇ ಹೇಳಿಕೊಂಡು ಬೆಂಕಿಗೆ ಹಾಕಿಬಿಟ್ಟೆ.

ಅದಾಗಿ ನಾಲ್ಕೈದು ದಿನಕ್ಕೆ ಅಜ್ಜಿಯ ಕಣ್ಣಿನ ಹಳದಿ ಇಳಿಯತೊಡಗಿತು. ಮಾತ್ರೆಯಿಂದಲೋ ಸೊಪ್ಪಿನಿಂದಲೋ, ನಾನು ಮಾತ್ರ ಹಂಡೆ ಒಲೆಯಿಂದ ಅಂತಲೇ ನಂಬಿದೆ. ಖುಷಿಪಡೋಣ ಅಂದರೆ ಭಯ ಮಗ್ಗಲು ಬದಲಾಯಿಸಿಕೊಂಡು ಇನ್ನೊಂದು ಕಡೆಯಿಂದ ಬಂತು. ಹಬ್ಬ ಹತ್ತಿರವಾಯಿತು. ಅಮ್ಮ ರಾಗಿ ನೆನೆಸಿದಳು. ಬಟ್ಟೆಯಲ್ಲಿ ಕಟ್ಟಿದಳು. ಮೊಳಕೆ ಬಂತು. ಒಂದೊಂದು ದಿನಕ್ಕೂ ನನಗೆ ಭೇದಿ. ಹಬ್ಬದ ದಿನ ಅಪ್ಪ ಫೋಟೋಗಳನ್ನು ಒರೆಸಿ ಸಾಲಾಗಿ ಇಟ್ಟ. ಅಮ್ಮ ಕೊನೆಗೆ ಆ ಪುಟ್ಟ ಎಲೆ ಹಾಕಿ, ರಾಗಿ ಸರಿ ಬಡಿಸಿ, ಡಬ್ಬದಿಂದ ಪುಸ್ತಕ ತೆಗೆದಳು. ಹಾಳೆಗಳನ್ನು ತಿರುವಿದಳು. ಕೊನೆಗೆ ಹೋದಳು, ಮತ್ತೆ ಮೊದಲಿಂದ ತಿರುವಿದಳು.

“ಮಂಜೂ, ಇದ್ರಲ್ಲಿ ಕೊನೇದು ಎಲ್ಲೇ?”

ನಾನು ಎಲ್ಲ ಹೇಳಿದೆ. ಅಜ್ಜಿ ಹೆಸರು ಬರೆದದ್ದು, ಕೆರೆದದ್ದು, ಸುಟ್ಟದ್ದು. ಅಪ್ಪ ಕೈ ಎತ್ತಿಕೊಂಡು ಬಂದ. ಅಮ್ಮ ಅವನನ್ನು ತಡೆಯಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ. ಬಚ್ಚಲ ಕಡೆಗೆ ನೋಡುತ್ತ, ‘ಬೂದಿ ಎತ್ತಿ ಆಯ್ತು ಅಲ್ವಾ’ ಅಂದಳು. ಎತ್ತಿ ಆಗಿತ್ತು. ಆ ಬೂದಿಯಲ್ಲೇ ಹಬ್ಬದ ಪಾತ್ರೆಯೆಲ್ಲ ಅವಳೇ ತಿಕ್ಕಿದ್ದಳು. ಅಷ್ಟು ಹೇಳಿ ಅಲ್ಲೇ ಎಲೆ ಮುಂದೆ ಕುಸಿದು ಕೂತಳು. ಅಮ್ಮ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ನಾನು ಯಾಕಾದರೂ ಅಕ್ಷರ ಕಲಿತೆನೋ ಅನ್ನಿಸಿತು.

ಮಂಚದ ಮೇಲಿಂದ ಅಜ್ಜಿ ಮಾತಾಡಿದಳು. ದನಿ ಸಣ್ಣಗಾಗಿತ್ತು, ಗತ್ತು ಹೋಗಿರಲಿಲ್ಲ.

“ಲೇ, ಆ ಮಗೂಗೆ ಯಾಕೋ ಹೊಡೀತೀಯ? ಎಲ್ರೂ ಸ್ವಲ್ಪ ಸುಮ್ನಿರಿ. ಜಯಾ, ಎದ್ದೇಳು. ಹೇಳ್ದೋಳು ನೀನಿದೀಯ, ಬರ್ದೋಳು ಅವಳಿದಾಳೆ. ಇನ್ನೊಂದು ಸಲ ಹೇಳು, ಬರೀತಾಳೆ.”

“ಎಡೆಗೆ ಹೊತ್ತಾಗುತ್ತೆ ಅತ್ತೆ.”

“ಆಗ್ಲಿ. ನಿಮ್ಮಾವ ಬದುಕಿದ್ದಾಗ ನನ್ನನ್ನ ಬೇಕಾದಷ್ಟು ಕಾಯ್ಸಿದಾರೆ. ಈಗ ಅವ್ರು ಕಾಯ್ಲಿ.”

ನನ್ನ ಸ್ಕೂಲು ಪುಸ್ತಕದಿಂದ ಹೊಸ ಹಾಳೆ ಕಿತ್ತೆ. ಎಲೆಗಳ ಮುಂದೆಯೇ ಕೂತು ಅಮ್ಮ ಹೇಳಿದಳು. ಹೋದ ಸಲದ ಹಾಗೆ ಒಂದೇ ಉಸಿರಿಗಲ್ಲ. ರಾಗಿ ಬೀಸೋದು, ಜರಡಿ ಹಿಡಿಯೋದು ಮುಗಿದ ಮೇಲೂ ಮಾತು ನಿಲ್ಲಲಿಲ್ಲ. ಪಾಪು ಚಮಚ ಕಂಡರೆ ಬಾಯಿ ಬಿಗಿಯುತ್ತಿದ್ದ, ಬೆರಳಲ್ಲೇ ನೆಕ್ಕಿಸಬೇಕಿತ್ತು. ಮೊದಲ ತುತ್ತು ಯಾವಾಗಲೂ ಉಗಿಯುತ್ತಿದ್ದ. ತಿನ್ನುವಾಗ ಎಡಗೈಯಲ್ಲಿ ಅಮ್ಮನ ಕಿವಿ ಹಿಡಿದುಕೊಳ್ಳುತ್ತಿದ್ದ. ಇದನ್ನೂ ಬರೀಲಾ ಅಂತ ಕೇಳಿದೆ. ‘ಬರಿ’ ಅಂದಳು. ಅಪ್ಪ ಗೋಡೆ ಕಡೆ ತಿರುಗಿಕೊಂಡು ನಿಂತಿದ್ದ. ಹಾಳೆಯ ಎರಡೂ ಮಗ್ಗಲು ತುಂಬಿತು. ಅದನ್ನು ಗೋಡೆಗೆ ಒರಗಿಸಿ, ಕುಂಕುಮ ಇಟ್ಟು, ಕೈಮುಗಿದೆವು. ಇನ್ನೇನು ಬಾಗಿಲು ಎಳೆಯಬೇಕು ಅನ್ನುವಾಗ ಅಜ್ಜಿ ನನ್ನನ್ನು ಕರೆದಳು.

“ಅದೇನು ಬರ್ದಿದ್ದೆ ನನ್ನ ಹೆಸರಲ್ಲಿ?”

“ಉಪ್ಸಾರು.”

“ಥೂ! ಉಪ್ಸಾರಾ? ಅದು ನಿಮ್ಮ ತಾತಂಗೆ ಇಷ್ಟ, ನಿಮ್ಮಪ್ಪಂಗೆ ಇಷ್ಟ. ನನಗೆ ಅದು ತಿಂದ್ರೆ ಎದೆ ಉರಿ ಕಣೇ. ನಲವತ್ತು ವರ್ಷ ಮಾಡಿದೀನಿ ಅಂತ ಸತ್ತ ಮೇಲೂ ಅದನ್ನೇ ತಿನ್ನಿಸ್ತೀಯ?”

ಅಪ್ಪ ‘ಮತ್ತೆ ನಿನಗೇನವ್ವಾ ಇಷ್ಟ’ ಅಂದ, ಅಷ್ಟು ವಯಸ್ಸಿನ ಮಗ, ಮೊದಲ ಸಲ. ಅಜ್ಜಿ ನಾಚಿಕೊಂಡು ಸೆರಗು ಬಾಯಿಗೆ ಇಟ್ಟುಕೊಂಡಳು.

“ಜಹಾಂಗೀರು. ನೀನು ಹುಟ್ಟಿದಾಗ ನಮ್ಮಣ್ಣ ಎರಡು ತಂದಿದ್ದ. ಒಂದು ನಿಮ್ಮಪ್ಪ ತಿಂದ್ಬಿಟ್ರು. ಬರ್ಕೋ ಮಂಜಿ. ಏನೂ ಆಗಲ್ಲ, ಬರ್ಕೋ. ಆಮೇಲೆ ಎಡೆ ಇಟ್ಟಾಗ ನಾನು ಬಂದು ಇದು ಬೇಡ ಅನ್ನೋಕಾಗುತ್ತಾ?”

“ಮಾಡೋ ವಿಧಾನ?”

“ಅಂಗಡಿಯಿಂದ ತರೋದು, ಅಂತ ಬರಿ.”

ಅಪ್ಪ ವಿಜಯನಗರಕ್ಕೆ ಸೈಕಲ್ ತುಳಿದುಕೊಂಡು ಹೋಗಿ ಕಾಲು ಕೆಜಿ ತಂದ. ಡಾಕ್ಟರು ಬೇಡ ಅಂದಿದ್ದರೂ ಅಜ್ಜಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಹೆಸರು ಪುಸ್ತಕದಲ್ಲಿ ಇದ್ದೂ ಇನ್ನೂ ಆರು ಹಬ್ಬ ಇದ್ದಳು. ಪ್ರತಿ ಹಬ್ಬಕ್ಕೆ ಮುಂಚೆ ನಾನು ಅವಳ ಕಣ್ಣಿನ ರೆಪ್ಪೆ ಎಳೆದು ಹಳದಿ ಇದೆಯಾ ಅಂತ ನೋಡುತ್ತಿದ್ದೆ, ಅದು ಬೇರೆ ವಿಷಯ. ಅವತ್ತೇ ಸಂಜೆ ನನಗೆ ಧೈರ್ಯ ಬಂದು ಅಮ್ಮನನ್ನೂ ಕೇಳಿದ್ದೆ, ನಿನಗೇನು ಇಷ್ಟ ಅಂತ. ಅಮ್ಮ ಪಾತ್ರೆ ತೊಳೆಯುತ್ತ ‘ನಂಗೇನೇ, ನೀವು ತಿಂದಿದ್ದೇ’ ಅಂದಳು.

ಆ ಉತ್ತರವನ್ನೇ ನಲವತ್ತೈದು ವರ್ಷದಿಂದ ಕೇಳುತ್ತಿದ್ದೇನೆ. ಈಗ ಕೆಂಗೇರಿ ಉಪನಗರದ ನಮ್ಮ ಮನೆಯಲ್ಲಿ ಅಮ್ಮ ನನ್ನ ಜೊತೆ ಇದ್ದಾಳೆ. ಪುಸ್ತಕದ ಹಾಳೆಗಳನ್ನೆಲ್ಲ ಮಗಳು ಪ್ಲಾಸ್ಟಿಕ್ ಕವರಿಗೆ ಹಾಕಿ ಫೈಲ್ ಮಾಡಿಕೊಟ್ಟಿದ್ದಾಳೆ, ಫೋನಿನಲ್ಲೂ ಫೋಟೋ ತೆಗೆದಿಟ್ಟಿದ್ದಾಳೆ. ‘ವೆಜ್ಜು, ನಾನ್‌ವೆಜ್ಜು ಅಂತ ಸಪರೇಟ್ ಮಾಡ್ಲಾ’ ಅಂದವಳಿಗೆ ಬೈದೆ. ಅಪ್ಪ ಹೋದ ಮೇಲೆ ಅವನ ಹಾಳೆಯೂ ಸೇರಿತು. ಅಮ್ಮನ ಹೆಸರಿನ ಹಾಳೆ ಹೆಸರಷ್ಟೇ ಇಟ್ಟುಕೊಂಡು ಖಾಲಿ ಕೂತಿದೆ. ಊಟದ ಹೊತ್ತಿಗೆ ಅವಳ ತಟ್ಟೆಯನ್ನೇ ಕದ್ದು ನೋಡುತ್ತೇನೆ, ಯಾವುದನ್ನು ಎರಡನೇ ಸಲ ಹಾಕಿಕೊಂಡಳು ಅಂತ. ಪಾತ್ರೆಯ ತಳದಲ್ಲಿ ಏನು ಉಳಿದಿದೆಯೋ ಅದನ್ನು ಹಾಕಿಕೊಳ್ಳುತ್ತಾಳೆ. ಕಳೆದ ತಿಂಗಳು ಎದೆ ಹಿಡಿದುಕೊಂಡು ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಆ ಮೂರು ದಿನ ಐಸಿಯು ಬಾಗಿಲ ಆಚೆ ಕೂತು ನಾನು ದೇವರಿಗೆ ಹರಕೆ ಹೊತ್ತದ್ದು ಕಮ್ಮಿ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಇವಳ ಎಲೆಗೆ ಏನು ಬಡಿಸಲಿ? ಕೇಳಿದವರು ನಗಬಹುದು. ನನಗೆ ಅಳು ಬರುತ್ತಿತ್ತು.

ಮನೆಗೆ ಕರೆದುಕೊಂಡು ಬಂದ ಮಾರನೇ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಅಮ್ಮ ಟೇಬಲ್ಲಿನ ಹತ್ತಿರ ಕೂತಿದ್ದಳು. ತಡೆಯಲಾಗದೆ ಅಡುಗೆಮನೆಯಿಂದಲೇ ಜೋರಾಗಿ ಕೇಳಿದೆ. ಕೋಪದಲ್ಲೇ ಕೇಳಿದೆ.

“ಅಮ್ಮಾ, ಈ ಸಲ ತಪ್ಪಿಸ್ಕೊಬೇಡ. ನಿಂಗೇನು ಇಷ್ಟ ಹೇಳ್ಬಿಡು. ಪುಸ್ತಕಕ್ಕೆ ಬರೀಬೇಕು.”

ಅಮ್ಮ ಅಂದಳು, “ಏನಾದ್ರೂ ಸರಿ ಕಣೇ. ಬಿಸಿಯಾಗಿದ್ರೆ ಸಾಕು.”

ನಾನು ಸೌಟು ಹಿಡಿದುಕೊಂಡು ಹಾಗೇ ನಿಂತೆ. ತಾತ, ಅಪ್ಪ, ನಾವು, ಬಂದವರು, ಹೋದವರು, ಅಜ್ಜಿ, ಎಲ್ಲರದೂ ಆದ ಮೇಲೆ ಅವಳು ಕೂರುತ್ತಿದ್ದದ್ದು. ಇಷ್ಟು ವರ್ಷದಲ್ಲಿ ಅವಳು ತಿಂದ ಮುದ್ದೆ ಒಂದಾದರೂ ಬಿಸಿ ಇತ್ತಾ? ಇದನ್ನು ಯಾವ ಹಾಳೆಯಲ್ಲಿ ಬರೆಯೋದು? ಎಡೆ ಇಟ್ಟು ಬಾಗಿಲು ಮುಚ್ಚಿ ತೆಗೆಯುವ ಹೊತ್ತಿಗೆ ಎಲೆ ಮೇಲಿನದೆಲ್ಲ ಆರಿರುತ್ತೆ.

ಕಾವಲಿ ಮೇಲಿದ್ದದ್ದನ್ನು ಎತ್ತಿ ತಟ್ಟೆಗೆ ಹಾಕಿ, ಇನ್ನೊಂದು ಹುಯ್ದು, ಓಡಿದೆ. ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಅಳಿಯಂದ್ರಿಗೆ ಕೊಡೇ ಮೊದ್ಲು. ಆಫೀಸಿಗೆ ಹೊತ್ತಾಗುತ್ತೆ ಅವ್ರಿಗೆ.”

“ಅವ್ರು ಕಾಯ್ತಾರೆ. ನೀನು ತಿನ್ನು.”

“ಚೆನ್ನಾಗಿರುತ್ತಾ ಹಂಗೆಲ್ಲ?”

“ತಿನ್ನಮ್ಮಾ!” ಅಂತ ಗದರಿಬಿಟ್ಟೆ. ಅಮ್ಮ ನನ್ನ ಮುಖ ನೋಡಿ, ಒಂದು ಚೂರು ಮುರಿದು, ಎರಡು ಸಲ ಊದಿ ಬಾಯಿಗಿಟ್ಟುಕೊಂಡಳು. ಬೆರಳು ಸುಟ್ಟಿರಬೇಕು, ಕಿವಿ ಮುಟ್ಟಿಕೊಂಡಳು. ಮತ್ತೊಂದು ಚೂರು ಮುರಿದಳು. ಒಳಗೆ ಕಾವಲಿ ಮೇಲೆ ಇನ್ನೊಂದು ದೋಸೆ ಸೀಯುತ್ತಿತ್ತು, ವಾಸನೆ ಬಂತು. ನಾನು ಅಲ್ಲಿಂದ ಕದಲಲಿಲ್ಲ.